ರಸ್ತೆ ಸಿದ್ಧವಿದ್ದರೂ ತೆರೆಯದ ಗಡಿಬಾಗಿಲು

ಕರ್ನಾಟಕದ ನೋಂದಣಿ ಫಲಕ ಹೊತ್ತ ಕಾರು ಕನ್ಯಾಕುಮಾರಿಯಿಂದ ಕಾಶ್ಮೀರದವರೆಗೆ ಸಂಚರಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಅದೇ ಕಾರು ದೇಶದ ಗಡಿ ದಾಟಬೇಕೆಂದರೆ ಚಿತ್ರಣವೇ ಬದಲಾಗುತ್ತದೆ. ಭಾರತದೊಡನೆ ಭೂಗಡಿ ಹಂಚಿಕೊಂಡಿರುವ ರಾಷ್ಟ್ರಗಳ ಪೈಕಿ, ಸಾಮಾನ್ಯ ಪ್ರಜೆಯೊಬ್ಬ ಹೆಚ್ಚಿನ ಪೂರ್ವಸಿದ್ಧತೆಯಿಲ್ಲದೆ ಸ್ವಂತ ವಾಹನದಲ್ಲಿ ಪ್ರವೇಶಿಸಬಹುದಾದವು ನೇಪಾಳ ಮತ್ತು ಭೂತಾನ್ ಮಾತ್ರ. ಹೆದ್ದಾರಿಗಳ ನಿರ್ಮಾಣದಲ್ಲಿ ದಾಪುಗಾಲಿಟ್ಟಿರುವ ದೇಶವೊಂದಕ್ಕೆ ಇದು ವಿಪರ್ಯಾಸವೇ ಸರಿ.

ನೇಪಾಳದ ಮಾದರಿ ಸರಳವಾದುದು. 1950ರ ಶಾಂತಿ ಮತ್ತು ಮೈತ್ರಿ ಒಪ್ಪಂದದ ಫಲವಾಗಿ ಭಾರತೀಯರಿಗೆ ಅಲ್ಲಿ ವೀಸಾ ಬೇಕಿಲ್ಲ. ಸುನೌಲಿ, ರಕ್ಸೌಲ್ ಅಥವಾ ಪಾನಿಟಂಕಿಯ ಗಡಿಯಲ್ಲಿ ನೋಂದಣಿ ಪತ್ರ, ಚಾಲನಾ ಪರವಾನಗಿ ತೋರಿಸಿ, ‘ಭನ್ಸಾರ್’ ಎಂದು ಕರೆಯಲಾಗುವ ಸುಂಕದ ಕಟ್ಟೆಯಲ್ಲಿ ದಿನಗಳ ಲೆಕ್ಕದಲ್ಲಿ ಶುಲ್ಕ ತೆತ್ತರೆ ಕಾರು ಮುಂದೆ ಸಾಗುತ್ತದೆ. ಭೂತಾನ್ ಕೂಡ ಭಾರತೀಯ ವಾಹನಗಳಿಗೆ ಬಾಗಿಲು ತೆರೆದಿದೆಯಾದರೂ ಬೆಲೆ ಕಟ್ಟಿದೆ. 2022ರಿಂದ ಭಾರತೀಯ ಪ್ರವಾಸಿಗರು ಪ್ರತಿ ರಾತ್ರಿಗೆ ತಲಾ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕ ನೀಡಬೇಕಾಗಿದೆ.

ಕಾರಿಗೂ ಪಾಸ್‌ಪೋರ್ಟ್

ಈ ಎರಡು ದೇಶಗಳ ಆಚೆಗೆ ಹೊರಟವರಿಗೆ ಎದುರಾಗುವುದು ‘ಕಾರ್ನೆ’ ಎಂಬ ದಾಖಲೆ. ಇದನ್ನು ವಾಹನದ ಪಾಸ್‌ಪೋರ್ಟ್ ಎನ್ನಬಹುದು. ಪರದೇಶಕ್ಕೆ ಕೊಂಡೊಯ್ದ ಕಾರನ್ನು ಅಲ್ಲಿಯೇ ಮಾರಿ ಆಮದು ಸುಂಕ ತಪ್ಪಿಸಬಹುದೆಂಬ ಭೀತಿಯೇ ಇದರ ಮೂಲ. ಮಾನ್ಯತೆ ಪಡೆದ ಆಟೊಮೊಬೈಲ್ ಸಂಘ ಇದನ್ನು ನೀಡುತ್ತದೆ. ಅದಕ್ಕೆ ಪ್ರತಿಯಾಗಿ ಮಾಲೀಕ ಠೇವಣಿ ಅಥವಾ ಬ್ಯಾಂಕ್ ಖಾತರಿ ಒದಗಿಸಬೇಕು. ಪ್ರವೇಶದ ವೇಳೆ ಒಂದು, ನಿರ್ಗಮನದ ವೇಳೆ ಮತ್ತೊಂದು ಚೀಟಿಯನ್ನು ಸುಂಕದ ಅಧಿಕಾರಿಗಳು ಹರಿದುಕೊಂಡು ಮುದ್ರೆ ಒತ್ತುತ್ತಾರೆ. ನಿರ್ಗಮನದ ಮುದ್ರೆ ತಪ್ಪಿದರೆ ಕಾರು ಅಲ್ಲಿಯೇ ಉಳಿದಿದೆ ಎಂದು ಪರಿಗಣಿಸಿ ಸುಂಕ ವಸೂಲಿಗೆ ಮುಂದಾಗಬಹುದು. ಸ್ಥಿತಿವಂತರಿಗೆ ಇದು ಹೊರೆಯಲ್ಲ. ಆದರೆ ಸಾಲದ ಕಂತಿನಲ್ಲಿ ಕಾರು ಕೊಂಡ ಮಧ್ಯಮ ವರ್ಗದವರಿಗೆ ಇಲ್ಲಿಗೇ ಪ್ರಯಾಣ ಮುಗಿದಂತೆ.

ಹೀಗಿದ್ದರೂ ಒಂದು ಕಾಲದಲ್ಲಿ ದಾರಿ ಇಷ್ಟು ದುರ್ಗಮವಾಗಿರಲಿಲ್ಲ. 1957ರಲ್ಲಿ ಲಂಡನ್ನಿನಿಂದ ಹೊರಟ ಬಸ್ಸು ಪ್ರಯಾಣಿಕರನ್ನು ಹೊತ್ತು ಕಲ್ಕತ್ತೆ ತಲುಪಿತ್ತು. 1979ರ ಇರಾನ್ ಕ್ರಾಂತಿ ಮತ್ತು ಅಫ್ಘಾನಿಸ್ತಾನದ ಯುದ್ಧ ಆ ಮಾರ್ಗಕ್ಕೆ ತೆರೆ ಎಳೆದವು. ಪಹಲ್ಗಾಮ್ ದಾಳಿಯ ಬಳಿಕ 2025ರ ಏಪ್ರಿಲ್‌ನಲ್ಲಿ ಅಟ್ಟಾರಿ ತಪಾಸಣಾ ಠಾಣೆಯನ್ನು ಮುಚ್ಚುವ ನಿರ್ಧಾರವನ್ನು ಭಾರತ ಪ್ರಕಟಿಸಿತು. ಉತ್ತರದ ಪರ್ಯಾಯವಾದ ನೇಪಾಳ–ಟಿಬೆಟ್ ಮಾರ್ಗವೂ ಭರವಸೆಯದಲ್ಲ. 2025ರ ಜುಲೈ ಪ್ರವಾಹದಲ್ಲಿ ರಸುವಾಗಢಿಯ ಮಿತೇರಿ ಸೇತುವೆ ಕೊಚ್ಚಿಹೋಯಿತು. ಮೇಲಾಗಿ ಚೀನಾ ಅಂತಾರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಮಾನ್ಯ ಮಾಡುವುದಿಲ್ಲ. ತಾತ್ಕಾಲಿಕ ಪರವಾನಗಿ, ತಾತ್ಕಾಲಿಕ ಫಲಕಗಳನ್ನು ತನ್ನದೇ ಕ್ರಮದಲ್ಲಿ ನೀಡುತ್ತದೆ.

ಕಾಗದದಲ್ಲುಳಿದ ಒಪ್ಪಂದ

ಪೂರ್ವದಿಕ್ಕಿನಲ್ಲಿ ಆಸೆ ದೊಡ್ಡದಾಗಿತ್ತು. 2015ರ ಜೂನ್ 15ರಂದು ಥಿಂಪುವಿನಲ್ಲಿ ಭಾರತ, ಬಾಂಗ್ಲಾದೇಶ, ಭೂತಾನ್ ಮತ್ತು ನೇಪಾಳ ಮೋಟಾರು ವಾಹನ ಒಪ್ಪಂದಕ್ಕೆ ಸಹಿ ಹಾಕಿದವು. ಸರಕು ಹಾಗೂ ಪ್ರಯಾಣಿಕ ವಾಹನಗಳ ಜೊತೆಗೆ ಖಾಸಗಿ ಕಾರುಗಳನ್ನೂ ಅದು ಒಳಗೊಂಡಿತ್ತು. 2016ರ ನವೆಂಬರ್‌ನಲ್ಲಿ ಭೂತಾನ್ ಸಂಸತ್ತಿನ ಮೇಲ್ಮನೆ ಒಪ್ಪಂದವನ್ನು ತಿರಸ್ಕರಿಸಿತು. ಎಂಟು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಗುಡ್ಡಗಾಡು ರಾಷ್ಟ್ರ, ಪರದೇಶದ ವಾಹನಗಳ ಪ್ರವಾಹ ತನ್ನ ಪರಿಸರದ ಮೇಲೆ ಬೀರುವ ಪರಿಣಾಮಕ್ಕೆ ಅಂಜಿದ್ದನ್ನು ಹಠಮಾರಿತನ ಎನ್ನಲಾಗದು. ದೊಡ್ಡ ನೆರೆಯವನಿಗೆ ಅನುಕೂಲವೆನಿಸಿದ್ದು ಸಣ್ಣವನಿಗೆ ಆತಂಕವಾಗಬಹುದೆಂಬ ಪಾಠ ಇಲ್ಲಿದೆ. ಉಳಿದ ಮೂರು ರಾಷ್ಟ್ರಗಳು ಭೂತಾನ್ ಹೊರತಾಗಿ ಮುಂದುವರಿಯಲು 2022ರಲ್ಲಿ ತಿಳಿವಳಿಕೆ ಪತ್ರದ ಕರಡನ್ನು ಅಂತಿಮಗೊಳಿಸಿದವು. ಆದರೆ 2024ರ ಆಗಸ್ಟ್‌ನಲ್ಲಿ ಢಾಕಾದಲ್ಲಿ ಸರ್ಕಾರ ಬದಲಾದ ಮೇಲೆ ದೆಹಲಿಯೊಡನೆ ಅದರ ಸಂಬಂಧವೇ ಹಳಸಿತು.

ಮಣಿಪುರದ ಮೊರೆಯಿಂದ ಮ್ಯಾನ್ಮಾರ್ ಮೂಲಕ ಥಾಯ್ಲೆಂಡಿನ ಮೇ ಸೋಟ್ ತಲುಪುವ ಸುಮಾರು 1,360 ಕಿಲೋಮೀಟರ್ ಉದ್ದದ ತ್ರಿಪಕ್ಷೀಯ ಹೆದ್ದಾರಿಯ ಕಥೆಯೂ ಭಿನ್ನವಲ್ಲ. 2002ರಲ್ಲಿ ಮೂಡಿದ ಈ ಯೋಜನೆ ಇನ್ನೂ ಪೂರ್ಣಗೊಂಡಿಲ್ಲ. 2021ರ ಫೆಬ್ರುವರಿಯ ಸೇನಾ ದಂಗೆ ಮತ್ತು ಅದರ ಬೆನ್ನಲ್ಲೇ ಹಬ್ಬಿದ ಅಂತರ್ಯುದ್ಧ, 2023ರ ಮೇ ತಿಂಗಳಲ್ಲಿ ಆರಂಭವಾದ ಮಣಿಪುರದ ಹಿಂಸಾಚಾರ ಈ ಮಾರ್ಗದ ಎರಡೂ ಬದಿಯನ್ನು ಕಂಗೆಡಿಸಿವೆ. 2004 ಮತ್ತು 2012ರಲ್ಲಿ ಭಾರತ–ಆಸಿಯಾನ್ ಕಾರು ರ‍್ಯಾಲಿಗಳು ವಿಜೃಂಭಣೆಯಿಂದ ನಡೆದವು. ಸರ್ಕಾರಿ ರಕ್ಷಣೆಯಲ್ಲಿ ಸಾಲುಗಟ್ಟಿ ಸಾಗಿದ ಕಾರುಗಳಿಗೆ ತೆರೆದ ಗಡಿ, ನಂತರ ಏಕಾಂಗಿ ಪ್ರಯಾಣಿಕನಿಗೆ ತೆರೆಯಲಿಲ್ಲವೆಂಬುದು ಗಮನಾರ್ಹ.

ನಮ್ಮ ಕೈಲಿರುವುದೇನು?

ನೆರೆರಾಷ್ಟ್ರಗಳ ರಾಜಕೀಯವನ್ನು ದೆಹಲಿ ಬದಲಿಸಲಾರದು, ನಿಜ. ಆದರೆ ತನ್ನ ವ್ಯಾಪ್ತಿಯ ಕೆಲಸಗಳು ಸಾಕಷ್ಟಿವೆ. ಹೊರದೇಶದ ಖಾಸಗಿ ವಾಹನಗಳ ಪ್ರವೇಶಕ್ಕೆ ಸಂಬಂಧಿಸಿ ಕೇಂದ್ರ ಸರ್ಕಾರ 2022ರ ಸೆಪ್ಟೆಂಬರ್‌ನಲ್ಲಿ ನಿಯಮಾವಳಿ ಪ್ರಕಟಿಸಿತು. ನೋಂದಣಿ, ಪರವಾನಗಿ, ವಿಮೆ, ಮಾಲಿನ್ಯ ತಪಾಸಣೆಯ ದಾಖಲೆಗಳು ಯಾವ ಸ್ವರೂಪದಲ್ಲಿರಬೇಕೆಂದು ಅದು ಹೇಳುತ್ತದೆ. ಬರುವವರಿಗೆ ರೂಪಿಸಿದ ಈ ಸ್ಪಷ್ಟತೆ ಹೊರಡುವ ನಮ್ಮವರಿಗೂ ದೊರೆಯಬೇಕು. ಠೇವಣಿಯ ಹೊರೆ ಇಳಿಸುವ ಖಾತರಿ ವ್ಯವಸ್ಥೆಯೊಂದನ್ನು ರೂಪಿಸುವುದು ಅಸಾಧ್ಯವೇನಲ್ಲ.

ವಿಮೆಯದು ಮತ್ತೊಂದು ತೊಡಕು. ಭಾರತದ ಮೋಟಾರು ವಿಮೆಯನ್ನು ಹೆಚ್ಚುವರಿ ಕಂತು ಕಟ್ಟಿ ನೇಪಾಳ, ಭೂತಾನ್, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ, ಮಾಲ್ದೀವ್ಸ್‌ಗೆ ವಿಸ್ತರಿಸಿಕೊಳ್ಳಲು ಅವಕಾಶವಿದೆ. ತ್ರಿಪಕ್ಷೀಯ ಹೆದ್ದಾರಿ ಹಾದುಹೋಗುವ ಮ್ಯಾನ್ಮಾರ್ ಆ ಪಟ್ಟಿಯಲ್ಲೇ ಇಲ್ಲ. ಯುರೋಪ್ ಇದೇ ಸಮಸ್ಯೆಯನ್ನು ‘ಹಸಿರು ಚೀಟಿ’ಯ ಮೂಲಕ 1953ರಲ್ಲೇ ಬಗೆಹರಿಸಿಕೊಂಡಿತು. ಒಂದು ದೇಶದ ವಿಮೆಯನ್ನು ಇನ್ನೊಂದು ದೇಶ ಮಾನ್ಯ ಮಾಡುವ ಆ ಏರ್ಪಾಡು ಜಾರಿಯಾದಾಗ ಮಹಾಯುದ್ಧ ಮುಗಿದು ಇನ್ನೂ ಎಂಟು ವರ್ಷಗಳಾಗಿದ್ದವಷ್ಟೇ.

ಗಡಿಯಾಚೆಗಿನ ಸಾರಿಗೆಯ ಚರ್ಚೆಯಲ್ಲಿ ಸರಕಿನ ಲಾರಿಗಳಿಗೆ ಸಿಗುವ ಮಹತ್ವ ಖಾಸಗಿ ಕಾರಿಗೆ ಸಿಗುವುದಿಲ್ಲ. ಸ್ವಂತ ವಾಹನದಲ್ಲಿ ಹೋದವರು ಹಳ್ಳಿಯ ಹೋಟೆಲ್‌ನಲ್ಲಿ ಉಣ್ಣುತ್ತಾರೆ, ಸಣ್ಣ ಪಟ್ಟಣಗಳಲ್ಲಿ ತಂಗುತ್ತಾರೆ, ಜನರೊಡನೆ ಮಾತಿಗಿಳಿಯುತ್ತಾರೆ. ಆ ಹಣ ಮತ್ತು ಆ ಮಾತು ಎರಡೂ ಗಡಿಭಾಗದ ಜನರಿಗೆ ನೇರವಾಗಿ ತಲುಪುತ್ತವೆ. ಕೋಟಿಗಟ್ಟಲೆ ಸುರಿದು ಗಡಿಯವರೆಗೆ ಚತುಷ್ಪಥ ಹಾಸುವ ಸರ್ಕಾರ, ಅಲ್ಲಿಂದ ಮುಂದಕ್ಕೆ ಒಬ್ಬ ಪ್ರಜೆ ತನ್ನ ಕುಟುಂಬದೊಡನೆ ಹೇಗೆ ಸಾಗಬೇಕೆಂಬುದನ್ನೂ ಆಲೋಚಿಸಬೇಕಾದ ಕಾಲವಿದು.