ಹೊಗೆಕೊಳವೆಯೇ ಅರ್ಧ ಒಲೆ

ಹೊರನಾಡಿನಲ್ಲಿ ಕುಳಿತು ಊರನ್ನು ನೆನೆದು ಬರೆಯುವ ನಮ್ಮ ಪ್ರಬಂಧಗಳಲ್ಲಿ ಸೌದೆ ಒಲೆ ತಪ್ಪದೆ ಕಾಣಿಸಿಕೊಳ್ಳುತ್ತದೆ. ಬಚ್ಚಲ ಹಂಡೆಯ ಬಿಸಿನೀರು, ಕೆಂಡದಲ್ಲಿ ಸುಟ್ಟ ಹಲಸಿನ ಹಪ್ಪಳ, ಮಣ್ಣಿನ ಗಡಿಗೆಯ ಸಾರು. ಅಲ್ಲಿ ಹೊಗೆ ಪರಿಮಳವಾಗಿ ಬರುತ್ತದೆಯೇ ಹೊರತು ಕಣ್ಣುರಿಯಾಗಿ, ಕೆಮ್ಮಾಗಿ ಬರುವುದು ಅಪರೂಪ. ಒಲೆಯ ಮುಂದೆ ಕುಳಿತವರು ಬೇರೆ, ಒಲೆಯ ಬಗ್ಗೆ ಬರೆದವರು ಬೇರೆ ಆಗಿರುವುದೇ ಇದಕ್ಕೆ ಕಾರಣವಿರಬೇಕು.

ಅಡುಗೆ ಅನಿಲ ಬಂದಿರುವಾಗ ಒಲೆಯ ಮಾತೇಕೆ ಎಂದು ಕೇಳುವವರಿದ್ದಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಅಡುಗೆಗೆ ಶುದ್ಧ ಇಂಧನ ಬಳಸುವ ಕುಟುಂಬಗಳು ದೇಶದಲ್ಲಿ ಶೇ. 58.6. ಸಿಲಿಂಡರ್ ಬಂದ ಮನೆಗಳಲ್ಲೂ ಸ್ನಾನದ ನೀರಿಗೆ, ದನಗಳಿಗೆ ಹುರುಳಿ ಬೇಯಿಸುವುದಕ್ಕೆ, ಮಲೆನಾಡಿನಲ್ಲಿ ಅಡಕೆ ಬೇಯಿಸುವುದಕ್ಕೆ ಸೌದೆಯೇ ಉರಿಯುತ್ತದೆ. ಆದ್ದರಿಂದ ಈ ಪ್ರಶ್ನೆ ಮುಗಿದದ್ದಲ್ಲ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಈ ದೇಶದಲ್ಲಿ ಒಲೆಯನ್ನು ಸುಧಾರಿಸಲು ನಡೆದ ಪ್ರಯತ್ನ ಅಪಾರ, ಹೊಗೆಕೊಳವೆಯನ್ನು ಕಾಪಾಡಲು ನಡೆದದ್ದು ಅತ್ಯಲ್ಪ.

ಕೊಳವೆಯ ಕೆಲಸ ಬಹು ಸರಳ. ಒಳಗಿನ ಬಿಸಿ ಗಾಳಿ ಹೊರಗಿನ ಗಾಳಿಗಿಂತ ಹಗುರ. ಆ ತೂಕದ ಅಂತರವೇ ಹೊಗೆಯನ್ನು ಮೇಲಕ್ಕೆ ಕಳಿಸುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಆ ಪದ ಕೇಳಿದರೆ ಕರಡು ಪತ್ರವೇ ನೆನಪಾಗುತ್ತದೆ. ಹೊಳೆಯ ನೀರಿಗೆ ಹೇಳುವ ‘ಸೆಳೆತ’ ಎಂಬ ನಮ್ಮ ಮಾತು ಇಲ್ಲಿ ಹೆಚ್ಚು ಒಪ್ಪುತ್ತದೆ. ಈ ಸೆಳೆತ ಎಷ್ಟು ದುರ್ಬಲವೆಂಬುದು ತಿಳಿದರೆ ಉಳಿದೆಲ್ಲವೂ ಅರ್ಥವಾಗುತ್ತದೆ. ಹೊರಗೆ 30 ಡಿಗ್ರಿ, ಕೊಳವೆಯೊಳಗೆ 150 ಡಿಗ್ರಿ ಸೆಲ್ಸಿಯಸ್ ಇದ್ದರೆ, 3 ಮೀಟರ್ ಎತ್ತರದ ಕೊಳವೆಯಲ್ಲಿ ಹುಟ್ಟುವ ಒತ್ತಡ ಸುಮಾರು 10 ಪಾಸ್ಕಲ್; ಅಂದರೆ 1 ಮಿಲಿಮೀಟರ್ ನೀರಿನ ಒತ್ತಡ. ಅಷ್ಟನ್ನೇ ನಂಬಿಕೊಂಡು ಅಡುಗೆಮನೆಯ ಹೊಗೆಯೆಲ್ಲ ಹೊರಗೆ ಹೋಗಬೇಕು. ಕೊಳವೆಯನ್ನು ಅಡ್ಡಡ್ಡ ಮಲಗಿಸಿದರೆ, ಮೊಣಕೈಯಂತೆ ಎರಡು ಕಡೆ ಬಾಗಿಸಿದರೆ, ಹೊರಗೋಡೆಯ ಮೇಲೆ ಒಯ್ದು ಮಳೆಗಾಳಿಗೆ ತಣ್ಣಗಾಗಲು ಬಿಟ್ಟರೆ ಆ ಒಂದು ಮಿಲಿಮೀಟರಿನಲ್ಲಿ ಉಳಿಯುವುದೇನು?

ಬೆಳಿಗ್ಗೆ ಒಲೆ ಹಚ್ಚಿದ ಮೊದಲ ಹತ್ತು ನಿಮಿಷ ಮನೆ ತುಂಬ ಹೊಗೆಯಾಡುವುದೂ ಇದೇ ಕಾರಣಕ್ಕೆ. ಕೊಳವೆ ತಣ್ಣಗಿದೆ, ಸೆಳೆತ ಇನ್ನೂ ಹುಟ್ಟಿಲ್ಲ. ಒಲೆಯಲ್ಲಿ ಸೌದೆ ಹಚ್ಚುವ ಮುನ್ನ ಕೊಳವೆಯ ಬುಡದಲ್ಲಿ ಒಂದು ಹಿಡಿ ಒಣ ತೆಂಗಿನ ಗರಿಯನ್ನೋ ಹಳೆಯ ಪತ್ರಿಕೆಯನ್ನೋ ಉರಿಸಿದರೆ ದಾರಿ ಬಿಸಿಯಾಗುತ್ತದೆ. ಹಸಿ ಸೌದೆ ಇದಕ್ಕೆ ವಿರುದ್ಧ: ಬೆಂಕಿಯ ಶಾಖವೆಲ್ಲ ಅದರ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗಿ ಹೊಗೆ ತಂಪಾಗುತ್ತದೆ, ಮಸಿ ಹೆಚ್ಚುತ್ತದೆ.

ಇದು ಹೊಸ ಜ್ಞಾನವೇನಲ್ಲ. ನಾವಿರುವ ಹೈದರಾಬಾದಿನಲ್ಲೇ, ಇಲ್ಲಿನ ಎಂಜಿನಿಯರಿಂಗ್ ಸಂಶೋಧನಾಲಯದ ಎಸ್. ಪಿ. ರಾಜು ಅವರು ಒಂದೇ ಬೆಂಕಿಯ ಮೇಲೆ ಹಲವು ಪಾತ್ರೆಗಳನ್ನಿಡಬಹುದಾದ, ಹೊಗೆಕೊಳವೆಯುಳ್ಳ ಮಣ್ಣಿನ ಒಲೆಯನ್ನು ರೂಪಿಸಿ, 1953ರಲ್ಲಿ ‘ಸ್ಮೋಕ್‌ಲೆಸ್ ಕಿಚನ್ಸ್ ಫಾರ್ ದಿ ಮಿಲಿಯನ್ಸ್’ ಎಂಬ ಪುಸ್ತಕವನ್ನೂ ಪ್ರಕಟಿಸಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರದಿಂದ ಮುಂದೆ ಅಸ್ತ್ರ ಒಲೆ ಬಂತು. ಮೂರು ಪಾತ್ರೆಗಳ, ಒಳಗೆ ಕಬ್ಬಿಣದ ಜಾಲರಿಯಿದ್ದ ಆ ಒಲೆ ಸೌದೆಯನ್ನು ಉಳಿಸಿತು, ಹೊಗೆಯನ್ನೂ ಹೊರಗೆ ಕಳಿಸಿತು. ಆದರೆ ಅದು ಶಿಸ್ತು ಬೇಡುವ ಒಲೆ. ಒಂದು ಪಾತ್ರೆ ಇಳಿಸಿ ಕಣ್ಣನ್ನು ತೆರೆದಿಟ್ಟರೆ ಆ ಕಣ್ಣಿನಿಂದಲೇ ತಣ್ಣನೆಯ ಗಾಳಿ ನುಗ್ಗಿ ಕೊಳವೆಯ ಸೆಳೆತ ಕುಸಿಯುತ್ತದೆ. ಸೌದೆಯ ಬಾಯಲ್ಲಿ ಹೊಗೆ ಹೊರಳುತ್ತದೆ. ಸೌದೆಯನ್ನು ಸಣ್ಣಗೆ ಸೀಳಬೇಕು. ಗದ್ದೆಯಿಂದ ಬಂದು ಅಡುಗೆಗೆ ಕೂರುವವರಿಗೆ ಸೀಳುವ ಪುರುಸೊತ್ತೆಲ್ಲಿ? ಒಲೆಯ ಬಾಯನ್ನೇ ಒಡೆದು ಅಗಲ ಮಾಡಿಕೊಂಡರೆ ಅದನ್ನು ಅಜ್ಞಾನವೆಂದು ಬರೆಯುವುದು ಸುಲಭ.

ಹಾಗೆಯೇ ಬರೆದರು ಕೂಡ. 1983ರಲ್ಲಿ ಶುರುವಾದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 2002ರಲ್ಲಿ ಕೇಂದ್ರದ ಕೈಬಿಡುವ ಹೊತ್ತಿಗೆ ಸುಮಾರು ಮೂರೂವರೆ ಕೋಟಿ ಒಲೆಗಳು ಲೆಕ್ಕಕ್ಕೆ ಬಂದಿದ್ದವು. ಕೇಂದ್ರ ಸರ್ಕಾರದ ನೌಕರಿಯಲ್ಲಿರುವ ನಮಗೆ ಗುರಿ ಮತ್ತು ಸಾಧನೆ ಎಂಬ ಎರಡು ಕಾಲಂಗಳ ಪರಿಚಯ ಚೆನ್ನಾಗಿಯೇ ಇದೆ. ಕಟ್ಟಿದ ಒಲೆಯನ್ನು ಅವು ಎಣಿಸಬಲ್ಲವು. ಮೂರನೆಯ ಮಳೆಗಾಲದಲ್ಲಿ ಅದರ ಕೊಳವೆ ಏನಾಯಿತೆಂದು ಕೇಳುವ ಕಾಲಂ ಬೇರೆಯೇ ಬೇಕು.

ಆ ಪ್ರಶ್ನೆಯನ್ನು ಕೇಳಿದವರು ಅರ್ಥಶಾಸ್ತ್ರಜ್ಞರು. ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಒಡಿಶಾದ ಸುಮಾರು 2,600 ಕುಟುಂಬಗಳಲ್ಲಿ, ಕೊಳವೆಯುಳ್ಳ ಮಣ್ಣಿನ ಒಲೆಗಳನ್ನು ಕೊಟ್ಟು ನಾಲ್ಕು ವರ್ಷಗಳವರೆಗೆ ಪರಿಣಾಮವನ್ನು ಗಮನಿಸಿದರು. ಮೊದಲ ವರ್ಷ ಉಸಿರಿಗೆ ಸೇರುವ ಹೊಗೆ ತಗ್ಗಿತು. ಆಮೇಲೆ ಆ ಲಾಭ ಮಾಯವಾಯಿತು. ಜನ ಒಲೆಯನ್ನು ಕ್ರಮವಾಗಿ ಬಳಸಲಿಲ್ಲ, ದುರಸ್ತಿ ಮಾಡಲಿಲ್ಲ. ಇದರಿಂದ ಜನರ ಅಲಕ್ಷ್ಯವನ್ನು ಮಾತ್ರ ಓದಿಕೊಳ್ಳುವುದನ್ನು ನಾವು ಒಪ್ಪುವುದಿಲ್ಲ. ನಾಲ್ಕು ಅಂಗುಲದ ಕೊಳವೆಯಲ್ಲಿ ಸುತ್ತಲೂ ಅರ್ಧ ಅಂಗುಲ ಮಸಿ ಕಟ್ಟಿದರೆ ಹೊಗೆಯ ದಾರಿ ನೂರರಲ್ಲಿ ಐವತ್ತಾರಕ್ಕೆ ಇಳಿಯುತ್ತದೆ. ಆ ಮಸಿ ತೆಗೆಯಲು ಮಾಡು ಹತ್ತಬೇಕು. ಅಡುಗೆ ಮಾಡುವವಳು ಹೆಂಗಸು. ಪಾಚಿ ಹಿಡಿದ ಹೆಂಚಿನ ಮೇಲೆ ಹತ್ತುವುದು ಯಾರು? ಹೊಗೆಯ ತೊಂದರೆ ಒಬ್ಬರಿಗೆ, ಏಣಿ ಇನ್ನೊಬ್ಬರ ಕೈಯಲ್ಲಿ.

ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ವಿಲಿಯಂ ಬ್ಲೇಕ್‌ನ ಮಸಿಬಳಿದ ಮಕ್ಕಳು ಗೊತ್ತು. ಮಕ್ಕಳನ್ನು ಕೊಳವೆಯೊಳಗೆ ಇಳಿಸಿದ್ದು ಆ ದೇಶದ ಕ್ರೌರ್ಯ; 1875ರ ಕಾಯಿದೆಯವರೆಗೂ ಅದು ನಿಲ್ಲಲಿಲ್ಲ. ಆದರೂ ಕೊಳವೆ ಗುಡಿಸುವುದು ಕೂಲಿ ಕೊಟ್ಟು ಮಾಡಿಸಬೇಕಾದ ಕೆಲಸವೆಂಬ ತಿಳಿವಳಿಕೆ ಅಲ್ಲಿತ್ತು. ನಮ್ಮಲ್ಲಿ ಅದು ಯಾರ ಕೆಲಸವೂ ಆಗಲಿಲ್ಲ. ಏಣಿಯೇ ಬೇಡದಂತೆಯೂ ಮಾಡಬಹುದಿತ್ತು: ಕೊಳವೆಯ ಬುಡದಲ್ಲಿ ಮುಚ್ಚಳವುಳ್ಳ ಒಂದು ಕಿಂಡಿ ಇಟ್ಟರೆ, ಬಿದಿರಿನ ತುದಿಗೆ ತೆಂಗಿನ ನಾರು ಕಟ್ಟಿ ಒಳಗಿನಿಂದಲೇ ತಿಂಗಳಿಗೊಮ್ಮೆ ಉಜ್ಜಬಹುದು.

ಈಗ ನಮ್ಮ ಪಾಲಿನ ವಿಷಯ. ಹಳೆಯ ಮನೆಗಳಲ್ಲಿ ಕೊಳವೆಯಿಲ್ಲದೆಯೂ ಹೊಗೆ ಹೆಂಚಿನ ಸಂದುಗಳಲ್ಲಿ ನುಸುಳಿಹೋಗುತ್ತಿತ್ತು. ಅಟ್ಟದ ಮೇಲಿನ ಕಾಳುಕಡಿಯನ್ನೂ ತೊಲೆಗಳನ್ನೂ ಹುಳುವಿನಿಂದ ಕಾಯುತ್ತಿತ್ತು. ಮುಂಬಯಿ, ಪುಣೆಗಳಿಂದ ನಾವು ಕಳಿಸಿದ ಹಣದಲ್ಲಿ ಹೆಂಚು ಇಳಿದು ಕಾಂಕ್ರೀಟ್ ತಾರಸಿ ಏರಿತು. ಹೊಗೆಯ ಸಾವಿರ ಕಿಂಡಿಗಳು ಒಂದೇ ದಿನ ಮುಚ್ಚಿದವು, ಒಲೆ ಮಾತ್ರ ಹಿಂದಿನ ಮೂಲೆಯಲ್ಲೇ ಉಳಿಯಿತು. ಪರಿಹಾರವೆಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆವು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಫ್ಯಾನಿನ ಎಳೆತದ ಮುಂದೆ ಕೊಳವೆಯ ಹತ್ತು ಪಾಸ್ಕಲ್ ನಿಲ್ಲಲಾರದು. ಫ್ಯಾನು ಕೊಳವೆಯ ಹೊಗೆಯನ್ನೇ ಕೆಳಗೆಳೆದು ಕೋಣೆಗೆ ತುಂಬುತ್ತದೆ. ಕೊಳವೆಯಿದ್ದಲ್ಲಿ ಫ್ಯಾನು ಬೇಡ, ನೆಲದ ಸಮೀಪ ಗಾಳಿ ಬರಲೊಂದು ಕಿಂಡಿ ಬೇಕು.

ಕೊಳವೆಯ ತುದಿ ಮಾಡಿನಿಂದ ಮೂರು ಅಡಿಯಾದರೂ ಮೇಲಿರಬೇಕು. ಹತ್ತು ಅಡಿಯೊಳಗೆ ಇರುವ ಯಾವುದೇ ಭಾಗಕ್ಕಿಂತ, ನೀರಿನ ಟ್ಯಾಂಕೂ ಸೇರಿದಂತೆ, ಎರಡು ಅಡಿ ಎತ್ತರವಿರಬೇಕು. ಇಲ್ಲವಾದರೆ ಗಾಳಿ ಸುಳಿದು ಹೊಗೆಯನ್ನು ಒಳಗೇ ತಳ್ಳುತ್ತದೆ. ಮಳೆಯ ಟೊಪ್ಪಿಗೆ ಬೇಕೇ ಬೇಕು, ಆದರೆ ಬಾಯಿಗೆ ಒತ್ತಿ ಕೂರಿಸಬಾರದು.

ತಾರಸಿ ಹಾಕುವ ಮುನ್ನ ಊರಿನಿಂದ ಗಾರೆಯವರು ಫೋನು ಮಾಡುತ್ತಾರೆ. ಗ್ರಾನೈಟಿನ ಬಣ್ಣ, ಸಿಂಕಿನ ಜಾಗ ಎಲ್ಲವನ್ನೂ ವಿಚಾರಿಸುತ್ತೇವೆ. ಒಲೆಯ ನೇರಕ್ಕೆ ತಾರಸಿಯಲ್ಲಿ ಕೊಳವೆಗೆಂದು ಆರು ಅಂಗುಲದ ರಂಧ್ರ ಬಿಡಲು ಅಂದೇ ಹೇಳಬೇಕು, ಒಲೆ ಹಚ್ಚುವವರು ಯಾವ ಕಡೆ ಕೂರುತ್ತಾರೆಂದು ಅವರನ್ನೇ ಕೇಳಿಕೊಂಡು. ಅಂದು ಅದಕ್ಕೆ ಖರ್ಚಿಲ್ಲ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಕೊರೆಸಲು ಪೇಟೆಯಿಂದ ಯಂತ್ರವೇ ಬರಬೇಕು.