ಕಬ್ಬಿನ ತುಂಡು, ದ್ರಾಕ್ಷಿಯ ಕೊಂಬೆ ಮತ್ತು ರೈತನ ಹಕ್ಕು

ಕೊಲ್ಲಾಪುರ ಜಿಲ್ಲೆಯ ಶಿರೋಳ ತಾಲೂಕಿನ ಉದಗಾಂವ ಕೃಷ್ಣಾ ತೀರದ ಊರು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಮ್ಮಂತೆಯೇ ಗಡಿಯಾಚೆ ಉಳಿದ ಕನ್ನಡಿಗರ ಸೀಮೆ ಅದು. ಆದರೆ ನಾವಿಂದು ಬರೆಯ ಹೊರಟಿರುವುದು ಗಡಿಯ ವಿಚಾರವನ್ನಲ್ಲ, ಅಲ್ಲಿಯ ಹೊಲದಲ್ಲಿ ನೆಡುವ ಕಬ್ಬಿನ ತುಂಡಿನ ವಿಚಾರವನ್ನು.

ಕಬ್ಬಿಗೆ ಯಾರೂ ಬೀಜ ಬಿತ್ತುವುದಿಲ್ಲ. ಗೆಣ್ಣಿನಲ್ಲಿ ಕಣ್ಣಿರುವ ತುಂಡನ್ನು ನೆಡುತ್ತಾರೆ. ಉದಗಾಂವದಿಂದ ಹೊಳೆ ದಾಟಿ ಸಾಂಗಲಿಯ ಮೇಲೆ ತಾಸಗಾಂವದ ಕಡೆಗೆ ಹೋದರೆ ದ್ರಾಕ್ಷಿ ತೋಟಗಳು. ಅಲ್ಲಿಯೂ ಹಾಗೆಯೇ, ಕೊಂಬೆ ಕತ್ತರಿಸಿ ನಾಟಿ. ನಮ್ಮ ತೋಟಗಳಲ್ಲಿ ಕಾಳುಮೆಣಸಿನ ಬಳ್ಳಿಯನ್ನು ಹಬ್ಬಿಸುವುದೂ ಇದೇ ಕ್ರಮದಿಂದ. ಇದರಲ್ಲೇನು ವಿಶೇಷವೆಂದು ಓದುಗರು ಕೇಳಬಹುದು. ವಿಶೇಷವಿದೆ. ಮನುಷ್ಯನ ತೋಳಿನ ಒಂದು ಜೀವಕೋಶದಲ್ಲಿ ಏನಾದರೂ ವ್ಯತ್ಯಾಸವಾದರೆ ಅದು ಅವನೊಂದಿಗೇ ಮಣ್ಣಾಗುತ್ತದೆ, ಮಕ್ಕಳಿಗೆ ದಾಟುವುದಿಲ್ಲ. ದ್ರಾಕ್ಷಿಯಲ್ಲಿ ಹಾಗಲ್ಲ. ಒಂದು ಕೊಂಬೆಯ ಒಂದು ಮೊಗ್ಗಿನಲ್ಲಿ ಆದ ಬದಲಾವಣೆಯನ್ನು ಕಣ್ಣುಳ್ಳ ರೈತನೊಬ್ಬ ಗುರುತಿಸಿ ಆ ಕೊಂಬೆಯನ್ನೇ ನೆಟ್ಟನೆಂದರೆ ಹೊಸ ತಳಿಯೇ ಹುಟ್ಟಬಹುದು.

ಹುಟ್ಟಿಯೂ ಇದೆ. ತಾಸಗಾಂವ ತಾಲೂಕಿನ ಬೋರಗಾಂವದಲ್ಲಿ ವಸಂತರಾವ್ ಆರ್ವೆಯವರು ಥಾಮ್ಸನ್ ಸೀಡ್‌ಲೆಸ್ ತಳಿಯಿಂದ ಆಯ್ದು ಬೆಳೆಸಿದ್ದು ‘ತಾಸ್-ಎ-ಗಣೇಶ್’. ಸೊಲ್ಲಾಪುರದ ಕಡೆಯ ನಾನಾಸಾಹೇಬ ಕಾಳೆಯವರು ಅದೇ ಥಾಮ್ಸನ್ನಿನಿಂದ ‘ಸೋನಾಕಾ’ವನ್ನೂ ಬೇರೊಂದು ಕಪ್ಪು ದ್ರಾಕ್ಷಿಯಿಂದ ‘ಶರದ್ ಸೀಡ್‌ಲೆಸ್’ ಅನ್ನೂ ಕೊಟ್ಟರು. ಇವರ ಪ್ರಯೋಗಶಾಲೆ ಅವರವರ ತೋಟವೇ.

ಮೊಗ್ಗು ಬದಲಾಗಲು ಕಾರಣಗಳು ಹಲವು. ಅವುಗಳಲ್ಲಿ ವಿಚಿತ್ರವಾದ ಒಂದನ್ನು ಮೊದಲು ಕಂಡವರು ಅಮೆರಿಕದ ಬಾರ್ಬರಾ ಮೆಕ್‌ಕ್ಲಿಂಟಾಕ್. ಜೋಳದ ತೆನೆಯ ಕಾಳುಗಳ ಮೇಲಿನ ಚುಕ್ಕೆಗಳನ್ನು ವರ್ಷಗಟ್ಟಲೆ ನೋಡಿ, ವಂಶವಾಹಿಗಳ ಸರಣಿಯಲ್ಲಿ ಕೆಲವು ತುಣುಕುಗಳು ಇದ್ದಲ್ಲಿ ಇರದೆ ಸ್ಥಾನ ಬದಲಿಸುತ್ತವೆಂದು ಆಕೆ ಹೇಳಿದ್ದು 1940ರ ದಶಕದ ಕೊನೆಯಲ್ಲಿ. ಸಹೋದ್ಯೋಗಿಗಳಲ್ಲಿ ಹೆಚ್ಚಿನವರು ಅದಕ್ಕೆ ಬೆಲೆ ಕೊಡಲಿಲ್ಲ. ನೊಬೆಲ್ ಪ್ರಶಸ್ತಿ ಬಂದದ್ದು 1983ರಲ್ಲಿ, ಆಕೆಗೆ 81 ವರ್ಷವಾದಾಗ!

ಇಂಥ ತುಣುಕುಗಳಲ್ಲಿ ಒಂದು ಬಳಗ ತನ್ನ ಪ್ರತಿಯನ್ನು ತಾನೇ ತೆಗೆದು ಬೇರೆಡೆ ಅಂಟಿಸಿಕೊಳ್ಳುತ್ತದೆ. ಏಡ್ಸ್ ತರುವ ವೈರಸ್ ಸೇರಿರುವ ರೆಟ್ರೊವೈರಸ್ ಕುಲಕ್ಕೆ ಇದು ದಾಯಾದಿ. ಮನುಷ್ಯನ ವಂಶವಾಹಿ ಸರಣಿಯಲ್ಲಿಯೂ ಸುಮಾರು ನೂರಕ್ಕೆ 8 ಪಾಲು ಪುರಾತನ ರೆಟ್ರೊವೈರಸ್‌ಗಳ ಅವಶೇಷ. ಹೆಚ್ಚಿನವು ಸತ್ತ ಅಕ್ಷರಗಳು. ಆದರೆ ಎಲ್ಲವೂ ಅಲ್ಲ. ಗರ್ಭದ ಮಾಸು ರೂಪುಗೊಳ್ಳಲು ಬೇಕಾದ ಸಿನ್‌ಸೈಟಿನ್ ಎಂಬ ಪ್ರೋಟೀನು ಅಂಥದೊಂದು ವೈರಸ್ಸಿನಿಂದ ಬಂದದ್ದೆಂದು 2000ದಲ್ಲಿ ತಿಳಿಯಿತು. ಕೇಡಿನ ಉದಾಹರಣೆಯೂ ಉಂಟು: ಜಿಗಿಯುವ ತುಣುಕೊಂದು ದೇಹದ ಜೀವಕೋಶದಲ್ಲಿ ಎರಗಿ ಗಡ್ಡೆಯನ್ನು ತಡೆಯುವ ವಂಶವಾಹಿಯನ್ನು ಕೆಡಿಸಿದ್ದನ್ನು 1992ರಲ್ಲಿ ಒಬ್ಬ ರೋಗಿಯ ಕರುಳಿನ ಕ್ಯಾನ್ಸರಿನಲ್ಲಿ ಕಂಡರು.

ದ್ರಾಕ್ಷಿಯ ಕಥೆ ಇನ್ನೂ ಸ್ವಾರಸ್ಯದ್ದು. ಬಿಳಿ ದ್ರಾಕ್ಷಿ ಬಿಳಿಯಾದದ್ದೇ ಇಂಥ ತುಣುಕಿನಿಂದ. ‘ಗ್ರೆಟ್-1’ ಎಂಬ ಹತ್ತು ಸಾವಿರಕ್ಕೂ ಮಿಕ್ಕಿ ಅಕ್ಷರಗಳ ತುಣುಕು ಬಣ್ಣ ಕೊಡುವ ವಂಶವಾಹಿಯ ಬಾಗಿಲಲ್ಲಿ ಬಂದು ಕುಳಿತು ಅದರ ಕೆಲಸ ನಿಲ್ಲಿಸಿತೆಂದು ಜಪಾನಿನ ಕೊಬಾಯಾಶಿ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದರು. ಬ್ರೆಜಿಲ್‌ನಲ್ಲಿ ‘ಇಟಾಲಿಯಾ’ ಎಂಬ ಬಿಳಿ ತಳಿಯ ಬಳ್ಳಿಯಲ್ಲಿ ಕೆಂಪು ಗೊಂಚಲು ಕಾಣಿಸಿಕೊಂಡು ‘ರೂಬಿ ಒಕುಯಾಮಾ’ ಎಂಬ ಹೊಸ ತಳಿಯಾಯಿತಷ್ಟೆ. ಅಲ್ಲಿ ಆ ತುಣುಕಿನ ಬಹುಪಾಲು ಕಳಚಿಹೋಗಿ ಬಾಲದಂತೆ ಒಂದು ಚೂರು ಮಾತ್ರ ಉಳಿದಿತ್ತು. ಬಾಗಿಲು ತೆರೆಯಿತು, ಬಣ್ಣ ಮರಳಿತು. ಬೀಜವೂ ಇಲ್ಲ, ಸಂಕರವೂ ಇಲ್ಲ. ಆದದ್ದೆಲ್ಲ ಕೊಂಬೆಯ ದೇಹದಲ್ಲೇ.

ತಳಿಯೆಂದರೆ ಪ್ರಯೋಗಶಾಲೆಯಲ್ಲಿ ತಯಾರಾಗಿ ಕಂಪೆನಿಯ ಚೀಟಿ ಹೊತ್ತು ಬರುವ ವಸ್ತು ಎಂಬ ಭಾವನೆ ನಮ್ಮಲ್ಲಿ ಬೇರೂರುತ್ತಿದೆ. ಪರದೇಶದ ಕಂಪೆನಿಗಳ ಸ್ವಾಮ್ಯದ ದ್ರಾಕ್ಷಿಗೆ ಮಹಾರಾಷ್ಟ್ರದ ಬೆಳೆಗಾರರು ರಾಯಧನ ತೆರುವ ಕಾಲವೂ ಬಂದಿದೆ. ಶ್ರಮಪಟ್ಟು ತಳಿ ಮಾಡಿದವನಿಗೆ ಫಲ ಸಿಗಬಾರದೆಂದು ನಾವು ಹೇಳುವುದಿಲ್ಲ. ಆದರೆ ಕೋಟಿಗಟ್ಟಲೆ ಜೀವಕೋಶಗಳಲ್ಲಿ ಒಂದರೊಳಗೆ ನಡೆದ ಪಲ್ಲಟ ಮೊದಲು ಬೀಳುವುದು ದಿನಾ ಬಳ್ಳಿಯ ಅಡಿಯಲ್ಲಿ ಓಡಾಡುವವನ ಕಣ್ಣಿಗೆ. ಆ ನೋಟಕ್ಕೂ ಬೆಲೆಯುಂಟು.

ಕಾನೂನು ಇದನ್ನು ಒಪ್ಪಿದೆ ಎಂಬುದು ಸಮಾಧಾನ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ ಪ್ರಕಾರ ಹೊಸ ತಳಿ ಅಭಿವೃದ್ಧಿಪಡಿಸಿದ ರೈತನಿಗೆ ತನ್ನ ಹೆಸರಿನಲ್ಲೇ ನೋಂದಣಿಯ ಹಕ್ಕಿದೆ. ರೈತರ ತಳಿಗೆ ನೋಂದಣಿ ಶುಲ್ಕವೂ ಇಲ್ಲ. ತೊಡಕಿರುವುದು ನಡುದಾರಿಯಲ್ಲಿ. ಬದಲಾದ ಮೊಗ್ಗು ಒಮ್ಮೊಮ್ಮೆ ಹೊರಪದರದಲ್ಲಷ್ಟೇ ಬದಲಾಗಿ, ಮುಂದಿನ ಕೊಂಬೆಯಲ್ಲಿ ಹಳೆಯ ಗುಣಕ್ಕೆ ತಿರುಗುವುದುಂಟು. ತಳಿ ಸ್ಥಿರವೆಂದು ಸಿದ್ಧಪಡಿಸಲು ಕೆಲವು ಹಂಗಾಮು ನೆಟ್ಟು, ಹೋಲಿಸಿ, ಬರೆದಿಡಬೇಕು. ಎರಡೆಕರೆಯವನಿಂದ ಒಬ್ಬಂಟಿಯಾಗಿ ಇದಾಗುವ ಕೆಲಸವಲ್ಲ.

ಆದುದರಿಂದ ಕೃಷಿ ಇಲಾಖೆಗಳಲ್ಲಿ ನಮ್ಮ ವಿನಂತಿ ಇಷ್ಟೇ. ವಿಚಿತ್ರವಾದ ಕೊಂಬೆ ಕಂಡ ರೈತ ಹೋಗಿ ಹೇಳಲು ತಾಲೂಕಿಗೊಂದು ಜಾಗವಿರಲಿ. ಹೇಳಿದ್ದನ್ನು ದಿನಾಂಕ ಸಹಿತ ಆತನ ಹೆಸರಿನಲ್ಲಿ ಬರೆದುಕೊಂಡು ರಶೀದಿ ಕೊಡಲಿ. ನಾಳೆ ಬೇರಾರೋ ಅದೇ ಕೊಂಬೆಗೆ ತಮ್ಮ ಹೆಸರಿಟ್ಟರೆ ತೋರಿಸಲು ಅವನ ಕೈಯಲ್ಲೊಂದು ಕಾಗದವಿರಲಿ. ಪರೀಕ್ಷೆಯ ಹೊಣೆಯನ್ನು ಪುಣೆಯ ಬಳಿಯ ಮಾಂಜರಿಯಲ್ಲಿರುವ ದ್ರಾಕ್ಷಿ ಸಂಶೋಧನಾ ಕೇಂದ್ರದಂಥ ಸಂಸ್ಥೆಗಳು ಹೊರಲಿ. ಮತ್ತು ಈ ವ್ಯವಹಾರ ರೈತನ ಮನೆಮಾತಿನಲ್ಲಿ ನಡೆಯಲಿ: ಶಿರೋಳದಲ್ಲಿ ಮರಾಠಿಯೊಂದಿಗೆ ಕನ್ನಡದಲ್ಲಿ, ಇಲ್ಲಿ ಮಲಯಾಳದೊಂದಿಗೆ ಕನ್ನಡದಲ್ಲಿ. ವಿಜಯಪುರದ ಬೆಳೆಗಾರರು ಒಣದ್ರಾಕ್ಷಿಯನ್ನು ಸಾಂಗಲಿ, ತಾಸಗಾಂವಗಳ ಪೇಟೆಗೆ ಒಯ್ಯುತ್ತಾರೆ. ವ್ಯಾಪಾರಕ್ಕೆ ಅಲ್ಲಿ ಎರಡು ಭಾಷೆ ನಡೆಯುತ್ತದೆ. ಅರ್ಜಿ ನಮೂನೆಗೆ ನಡೆಯದಿರಲು ಕಾರಣವೇನೂ ನಮಗೆ ಕಾಣುವುದಿಲ್ಲ.