ಕಹಿ ಬೆರೆಸಿದ್ದು ಯಾರಿಗಾಗಿ?

ಮುಖಕ್ಕೆ ಹಚ್ಚುವ ಟೋನರ್, ಸನ್‌ಸ್ಕ್ರೀನ್, ಶೇವಿಂಗ್ ಆದ ಮೇಲೆ ಬಳಿದುಕೊಳ್ಳುವ ಲೋಷನ್... ಮನೆಯಲ್ಲಿರೋ ಯಾವುದಾದರೂ ಒಂದನ್ನ ತಿರುಗಿಸಿ ಹಿಂದುಗಡೆ ಓದಿ. ಇರುವೆ ಸಾಲಿನಂಥ ಅಕ್ಷರಗಳ ನಡುವೆ 'ಆಲ್ಕೋಹಾಲ್ ಡಿನ್ಯಾಟ್' ಅಂತ ಒಂದು ಹೆಸರು ಸಿಕ್ಕರೂ ಸಿಗಬಹುದು. ಡಿನೇಚರ್ಡ್ ಆಲ್ಕೋಹಾಲ್ ಅನ್ನೋದರ ಮೊಟಕು ರೂಪ ಅದು. ಇದರ ವಿಷಯದಲ್ಲಿ ಈಗ ಎರಡು ಪಂಗಡ. ಒಂದು ಪಂಗಡಕ್ಕೆ ಅದು ಚರ್ಮ ಸುಡುವ ವಿಷ. ಇನ್ನೊಂದು ಪಂಗಡದ್ದು 'ಅಷ್ಟಕ್ಕೆಲ್ಲ ಏನೂ ಆಗಲ್ಲ ಬಿಡ್ರೀ' ಅನ್ನೋ ಉತ್ತರ. ನನ್ನ ಪ್ರಕಾರ ಎರಡೂ ಕಡೆಯವರು ತಪ್ಪು ಪದ ಹಿಡಿದು ಜಗಳ ಆಡ್ತಿದ್ದಾರೆ. ಯಾಕೆ ಅಂದ್ರೆ ಆ ಪದ ಹುಟ್ಟಿದ್ದು ಚರ್ಮದ ಡಾಕ್ಟರ ಹತ್ತಿರ ಅಲ್ಲ, ಸುಂಕದವರ ಹತ್ತಿರ!

ಕಥೆ ಇಷ್ಟೇ. ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಾಕಂಬಿಯನ್ನ ಹುಳಿ ಬರಿಸಿ ಬಟ್ಟಿ ಇಳಿಸಿದರೆ ಈಥೈಲ್ ಆಲ್ಕೋಹಾಲ್ ಸಿಗುತ್ತೆ. ಕುಡಿಯೋದರಲ್ಲೂ ಅದೇ, ಸೆಂಟಿನಲ್ಲೂ ಅದೇ. ಕುಡಿಯುವ ಮದ್ಯಕ್ಕೆ ಸರ್ಕಾರಗಳು ಭಾರೀ ಸುಂಕ ಹಾಕ್ತವೆ. ಬಣ್ಣ, ವಾರ್ನಿಷ್, ಸೆಂಟು ಮಾಡುವವರಿಗೂ ಅಷ್ಟೇ ಸುಂಕ ಹಾಕಿದರೆ ಅವರು ಬಾಗಿಲು ಹಾಕಬೇಕು. ಸುಂಕ ಬಿಟ್ಟುಕೊಟ್ಟರೆ ಕಾರ್ಖಾನೆ ಹೆಸರಲ್ಲಿ ಹೋದ ಪೀಪಾಯಿ ರಾತ್ರೋರಾತ್ರಿ ಹೆಂಡದಂಗಡಿ ಸೇರುತ್ತೆ. ಬ್ರಿಟನ್ 1855ರಲ್ಲಿ ಇದಕ್ಕೊಂದು ದಾರಿ ಕಂಡುಕೊಂಡಿತು: ಆಲ್ಕೋಹಾಲಿಗೆ ಮರದಿಂದ ಇಳಿಸಿದ ಸ್ಪಿರಿಟ್ ಬೆರೆಸಿ, ಕುಡಿಯೋಕೆ ಬಾರದ ಹಾಗೆ ಮಾಡಿ, ಆಮೇಲೆ ಸುಂಕ ಇಲ್ಲದೆ ಒಯ್ಯಿರಿ. ಅಮೆರಿಕದವರು 1906ರಲ್ಲಿ ಇಂಥದ್ದೇ ಕಾನೂನು ಮಾಡಿಕೊಂಡರು. 'ಡಿನೇಚರ್' ಮಾಡೋದು ಅಂದ್ರೆ ಇದು.

ಆಗ ಬೆರೆಸುತ್ತಿದ್ದ ಮರದ ಸ್ಪಿರಿಟ್‌ನಲ್ಲಿ ಇರುತ್ತಿದ್ದುದು ಮೆಥನಾಲ್, ಕಣ್ಣು ಕಳೆಯುವ, ಪ್ರಾಣ ತೆಗೆಯುವ ವಿಷ. ಈಗ ಸರಿಯಾಗಿ ತಯಾರಿಸಿದ ಸೌಂದರ್ಯವರ್ಧಕಗಳಲ್ಲಿ ಸಾಮಾನ್ಯವಾಗಿ ಅದನ್ನ ಬಳಸೋದಿಲ್ಲ. ಬಹಳಷ್ಟು ಕಡೆ ಡಿನಟೋನಿಯಂ ಬೆಂಜೋಯೇಟ್ ಅನ್ನೋ ಕಹಿ ಪದಾರ್ಥ ಹಾಕ್ತಾರೆ. ಸ್ಕಾಟ್ಲೆಂಡಿನ ಒಂದು ಕಂಪನಿಯವರು 1958ರಲ್ಲಿ, ಅರಿವಳಿಕೆ ಮದ್ದಿನ ಸಂಶೋಧನೆ ಮಾಡ್ತಾ ಇದ್ದಾಗ ಸಿಕ್ಕಿದ್ದು. ಹತ್ತು ಲಕ್ಷ ಪಾಲಿಗೆ ಹತ್ತು ಪಾಲು ಸೇರಿಸಿದರೂ ಬಾಯಿಗಿಡೋಕೆ ಆಗಲ್ಲ. ಇದರ ಮುಂದೆ ನಮ್ಮ ಹಾಗಲಕಾಯಿ ಹೋಳಿಗೆ ಇದ್ದ ಹಾಗೆ :) ಬೇರೆ ಪದಾರ್ಥಗಳೂ ಇವೆ. ಆದರೆ ನಿಮ್ಮ ಬಾಟಲಿಯಲ್ಲಿ ಬೆರೆಸಿರೋದು ಯಾವುದು ಅಂತ 'ಆಲ್ಕೋಹಾಲ್ ಡಿನ್ಯಾಟ್' ಅನ್ನೋ ಹೆಸರು ಹೇಳೋದಿಲ್ಲ. 'ಇದನ್ನ ಕುಡಿಯೋಕಾಗಲ್ಲ' ಅನ್ನೋದಷ್ಟೇ ಅದು ಕೊಡುವ ಮಾಹಿತಿ. ಟೋನರ್ ಕುಡಿಯೋ ಯೋಚನೆ ನಮಗ್ಯಾರಿಗಿತ್ತು ಹೇಳಿ?

ಇದರಿಂದ ಆಗುವ ಗೊಂದಲ ಸಣ್ಣದಲ್ಲ. ನಮ್ಮಕ್ಕನ ಮಗಳು ಒಂದು ಕ್ರೀಮ್ ಹಿಡ್ಕೊಂಡು ಬಂದು, "ಚಿಕ್ಕಿ, ಇದ್ರಲ್ಲಿ ಆಲ್ಕೋಹಾಲ್ ಇದೆ, ಎಸೆದುಬಿಡ್ಲಾ?" ಅಂದಳು. ನೋಡಿದರೆ ಅದರಲ್ಲಿದ್ದಿದ್ದು ಸಿಟೈಲ್ ಆಲ್ಕೋಹಾಲ್. ಅದು ಮೇಣದ ಹಾಗಿರುವ ಗಟ್ಟಿ ಪದಾರ್ಥ, ಕ್ರೀಮನ್ನ ಮಂದ ಮಾಡುತ್ತೆ, ಚರ್ಮವನ್ನ ಮೆದುವಾಗಿಡುತ್ತೆ. ಸ್ಟಿಯರೈಲ್, ಸಿಟಿಯರೈಲ್ ಕೂಡ ಅದೇ ಜಾತಿ. ಕೆಮಿಸ್ಟ್ರಿಯ ಲೆಕ್ಕದಲ್ಲಿ ಆಲ್ಕೋಹಾಲೇ, ಗುಣದಲ್ಲಿ ಸ್ಪಿರಿಟ್ಟಿಗೂ ಅದಕ್ಕೂ ಸಂಬಂಧ ಇಲ್ಲ. ಹಾಗಾಗಿಯೇ ಮುಂಭಾಗದಲ್ಲಿ 'ಆಲ್ಕೋಹಾಲ್ ಇಲ್ಲ' ಅಂತ ಬರೆದಿರುವ ಡಬ್ಬಿಯ ಹಿಂಭಾಗದಲ್ಲೂ ಇವುಗಳ ಹೆಸರು ಇರಬಹುದು. ಸುಳ್ಳಲ್ಲ, ಆದರೆ ಓದುವವರಿಗೆ ತಲೆಕೆಡುತ್ತೆ.

ಹಾಗಾದ್ರೆ ನಿಜವಾದ ಸ್ಪಿರಿಟ್ಟು ಚರ್ಮಕ್ಕೆ ಏನು ಮಾಡುತ್ತೆ? ಎಣ್ಣೆಯಂಶ ಕರಗಿಸುತ್ತೆ, ಬೇಗ ಆರಿಹೋಗುತ್ತೆ. ಹಚ್ಚಿದ ಕೂಡಲೇ ತಣ್ಣಗೆ ಅನ್ನಿಸೋದು, ಸನ್‌ಸ್ಕ್ರೀನ್ ಅಂಟಂಟಾಗದೇ ಇರೋದು ಇದರಿಂದಲೇ. ಜಾಸ್ತಿ ಇದ್ದು ದಿನಾ ಹಚ್ಚಿದರೆ ಚರ್ಮ ಒಣಗುತ್ತೆ, ಉರಿಯುತ್ತೆ. ಮೊಡವೆ ಇರುವ ಹುಡುಗ ಹುಡುಗಿಯರು ಉರಿದರೆ 'ಕೆಲಸ ಮಾಡ್ತಿದೆ' ಅಂದ್ಕೊಂಡು ಇನ್ನಷ್ಟು ತಿಕ್ಕುತ್ತಾರೆ, ಪಾಪ.

ಆದರೆ ಇನ್ನೊಂದು ಮುಖವನ್ನೂ ನೋಡಿ. ವಿಶ್ವ ಆರೋಗ್ಯ ಸಂಸ್ಥೆ ಆಸ್ಪತ್ರೆಗಳಿಗೆ ಹೇಳಿಕೊಟ್ಟಿರುವ ಕೈಗೆ ಹಚ್ಚುವ ದ್ರಾವಣದಲ್ಲಿ 80% ಈಥೈಲ್ ಆಲ್ಕೋಹಾಲ್ ಇದೆ. ಜೊತೆಗೆ 1.45% ಗ್ಲಿಸರಿನ್. ನರ್ಸ್‌ಗಳು ದಿನಕ್ಕೆ ಹತ್ತಾರು ಸಲ ಹಚ್ಚುತ್ತಾರೆ. ಹೀಗೆ ಗ್ಲಿಸರಿನ್‌ನಂಥದ್ದು ಬೆರೆಸಿದ ದ್ರಾವಣ, ಮತ್ತೆ ಮತ್ತೆ ಸೋಪು ಹಾಕಿ ತೊಳೆಯೋದಕ್ಕಿಂತ ಕೈಗೆ ಕಡಿಮೆ ಕಿರಿಕಿರಿ ಅಂತ ಆ ಸಂಸ್ಥೆಯೇ ಹೇಳುತ್ತೆ. ಅಂದರೆ ಕೇಳಬೇಕಾದ ಪ್ರಶ್ನೆ 'ಇದೆಯೋ ಇಲ್ಲವೋ' ಅಲ್ಲ. ಎಷ್ಟಿದೆ? ಜೊತೆಗೇನಿದೆ? ಎಲ್ಲಿಗೆ ಹಚ್ಚೋದು?

ಈ 'ಎಷ್ಟು' ಅನ್ನೋದೇ ಲೇಬಲ್ಲಿನಲ್ಲಿ ಸಿಗೋದಿಲ್ಲ. ನಮ್ಮ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ 1%ಗಿಂತ ಹೆಚ್ಚಿರುವ ಪದಾರ್ಥಗಳನ್ನ ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೀಬೇಕು. ಆಲ್ಕೋಹಾಲ್ ಎರಡನೇ ಹೆಸರು ಅಂತಿಟ್ಕೊಳ್ಳಿ. ಅದು 8% ಇರಬಹುದು, 40% ಕೂಡ ಇರಬಹುದು. ಸಾಲು ನೋಡಿ ಹೇಗೆ ಹೇಳ್ತೀರಿ? ಫಾರ್ಮುಲಾ ಗುಟ್ಟು ಅನ್ನೋ ವಾದ ಬರುತ್ತೆ, ಗೊತ್ತು. ವಿಸ್ಕಿ ಬಾಟಲಿ ಮೇಲೆ 42.8% ಅಂತ ಅಚ್ಚು ಹಾಕ್ತಾರಲ್ಲ, ಅವರ ಗುಟ್ಟೇನಾದರೂ ಹೊರಬಿತ್ತಾ? ವಿದೇಶಿ ಸೆಂಟಿನ ಎಷ್ಟೋ ಬಾಟಲಿಗಳ ಮೇಲೂ ಪ್ರಮಾಣ ಇರುತ್ತೆ. ಟೋನರಿಗೆ ಮಾತ್ರ ಯಾಕೆ ನಾಚಿಕೆ?

ಕಹಿ ಬೆರೆಸಿದರೆ ಕುಡಿಯೋದು ನಿಲ್ಲುತ್ತಾ? ಅದೂ ಇಲ್ಲ. ರಷ್ಯಾದ ಇರ್ಕುಟ್ಸ್ಕ್‌ನಲ್ಲಿ 2016ರ ಡಿಸೆಂಬರಿನಲ್ಲಿ ಸ್ನಾನಕ್ಕೆ ಬಳಸುವ ಲೋಷನ್ ಕುಡಿದು 70ಕ್ಕೂ ಹೆಚ್ಚು ಜನ ಸತ್ತರು. ಲೇಬಲ್ಲಿನಲ್ಲಿದ್ದದ್ದು ಈಥೈಲ್, ಒಳಗಿದ್ದದ್ದು ಮೆಥನಾಲ್. ನಮ್ಮ ಪಕ್ಕದ ಆಂಧ್ರದ ಕುರಿಚೇಡುವಿನಲ್ಲಿ, 2020ರ ಲಾಕ್‌ಡೌನ್ ಹೊತ್ತಿಗೆ, ಮದ್ಯದಂಗಡಿ ಮುಚ್ಚಿದ್ದಾಗ ಸ್ಯಾನಿಟೈಸರ್ ಕುಡಿದು ಹತ್ತಕ್ಕೂ ಹೆಚ್ಚು ಜನ ಹೋದರು. ಬಡವರಿಗೆ ಲೇಬಲ್ಲಿನ ಇಂಗ್ಲಿಷು ಏನು ಹೇಳಿತು?

ಇಷ್ಟೆಲ್ಲ ಆದರೂ ಈ ವಸ್ತುವಿನ ಬಗ್ಗೆ ನಮ್ಮ ದೇಶದಲ್ಲಿ ನಡೆದ ದೊಡ್ಡ ವ್ಯಾಜ್ಯ, ಕೈಗಾರಿಕಾ ಆಲ್ಕೋಹಾಲಿನ ಮೇಲೆ ಹಿಡಿತ ಕೇಂದ್ರದ್ದೋ ರಾಜ್ಯದ್ದೋ ಅನ್ನೋದು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2024ರ ಅಕ್ಟೋಬರಿನಲ್ಲಿ 8-1ರ ತೀರ್ಪಿನಲ್ಲಿ ರಾಜ್ಯಗಳ ಪರ ನಿಂತಿತು. ಒಪ್ಪದ ಆ ಒಬ್ಬರು ನಮ್ಮ ಕರ್ನಾಟಕದವರೇ ಆದ ಬಿ.ವಿ. ನಾಗರತ್ನ ಅವರು. ಆ ವ್ಯಾಜ್ಯಕ್ಕೂ ಅದರದೇ ಕಾರಣಗಳಿವೆ, ಇರಲಿ. ರಾಜ್ಯಕ್ಕೆ ಅಧಿಕಾರ ಬಂತಲ್ಲ, ಜೊತೆಗೆ ಹೊಣೆಯೂ ಬರಬೇಕು ಅನ್ನೋದು ನನ್ನ ವಾದ. ಪೀಪಾಯಿ ಹೊರಡುವಾಗ ಲೀಟರ್ ಲೆಕ್ಕ ಬರೆಯುವ ವ್ಯವಸ್ಥೆಗೆ, ಅದು ನಮ್ಮ ಕೆನ್ನೆ ಮುಟ್ಟುವಾಗ ಎಷ್ಟಿತ್ತು ಅಂತ ಬರೆಸೋದು ಕಷ್ಟವೇ?

ನಾನು ಕೇಳ್ತಿರೋದು ಎರಡೇ. ಒಂದು, ಸ್ಪಿರಿಟ್ಟಿನ ಪ್ರಮಾಣ ಶೇಕಡಾ ಲೆಕ್ಕದಲ್ಲಿ ಲೇಬಲ್ಲಿನ ಮೇಲೆ ಇರಬೇಕು. ಎರಡು, ಇಲ್ಲಿ ಮಾರುವ ಡಬ್ಬಿಯ ಮೇಲೆ ಕನ್ನಡದಲ್ಲಿ 'ಕುಡಿಯಬಾರದ ಮದ್ಯಸಾರ ಇದೆ' ಅಂತ ಒಂದು ಸಾಲು, ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ. 'ಡಿನೇಚರ್ಡ್' ಅನ್ನೋದಕ್ಕೆ ಇದಕ್ಕಿಂತ ಚಿಕ್ಕ, ಚೊಕ್ಕ ಕನ್ನಡ ಪದ ಹೊಳೆದರೆ ಕಾಮೆಂಟಿನಲ್ಲಿ ಹಾಕಿ. ಹಾಗೇ ನಿಮ್ಮ ಮನೆಯ ಬಾಟಲಿಯಲ್ಲಿ ಅದು ಎಷ್ಟನೇ ಹೆಸರು ಅಂತಲೂ ತಿಳಿಸಿ. ಏನಂತೀರಿ?